ಕೋಬೆ: ಬಂದರು ನಗರದ ಏರುಬೀದಿಯಲ್ಲೊಂದು ಮಸೀದಿ

ಭೂಮಿಯಲ್ಲಿ ಸಂಚರಿಸಿ, ಗತಿಸಿದವರ ಬದುಕಿನಿಂದ ಪಾಠ ಕಲಿಯುವಂತೆ ಪವಿತ್ರ ಕುರ್‌ಆನ್ ಮನುಷ್ಯನನ್ನು ಪದೇ ಪದೇ ಪ್ರೇರೇಪಿಸುತ್ತದೆ. ಅಂತಹ ಪಾಠಗಳು ಪಾಳುಬಿದ್ದ ಕೋಟೆಗಳಲ್ಲಿ ಮಾತ್ರ ದೊರೆಯುತ್ತವೆ ಎಂದು ಭಾವಿಸಬೇಕಿಲ್ಲ. ಜನರು ಇಂದಿಗೂ ನಡೆದಾಡುವ ಮಾರುಕಟ್ಟೆಗಳಲ್ಲೂ ಕಿರಿದಾದ ಓಣಿಗಳಲ್ಲೂ ಅವು ದೊರೆಯುತ್ತವೆ. ಜಪಾನಿನ ಕೋಬೆ ನಗರವು ಇದಕ್ಕೆ ಉತ್ತಮ ನಿದರ್ಶನ.

ಕೋಬೆ ನಗರವು ಒಂದೆಡೆ ರೊಕ್ಕೊ ಪರ್ವತಗಳು, ಮತ್ತೊಂದೆಡೆ ಸಮುದ್ರ, ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿದೆ. ಇಲ್ಲಿ ದಾರಿ ಕೇಳಿದರೆ ಪೂರ್ವ, ಪಶ್ಚಿಮ ಎನ್ನುವುದಕ್ಕಿಂತ ‘ಬೆಟ್ಟದ ಕಡೆ’, ‘ಕಡಲ ಕಡೆ’ ಎಂದು ಹೇಳುವುದೇ ಹೆಚ್ಚು ರೂಢಿ. ಶತಮಾನಗಳ ಕಾಲ ವಿದೇಶಿಯರಿಗೆ ಬಹುತೇಕ ಬಾಗಿಲು ಮುಚ್ಚಿದ್ದ ಜಪಾನ್, 1868ರ ಜನವರಿಯಲ್ಲಿ ಈ ಬಂದರನ್ನು ವಿದೇಶಿ ವ್ಯಾಪಾರಕ್ಕೆ ತೆರೆಯಿತು. ಕಡಲ ದಂಡೆಯ ಬಳಿ ವಿದೇಶಿಯರಿಗಾಗಿ ಒಂದು ವಸತಿ ಪ್ರದೇಶವು ನಿರ್ಮಾಣವಾಯಿತು. ನೇರವಾದ ಅಗಲ ಬೀದಿಗಳು ಮತ್ತು ಕ್ರಮಸಂಖ್ಯೆ ಹಾಕಿದ ನಿವೇಶನಗಳಿದ್ದ ಈ ಪ್ರದೇಶವನ್ನು 1899ರಲ್ಲಿ ಜಪಾನಿಗೆ ಮರಳಿಸಲಾಯಿತು. ಇಂದು ಅಲ್ಲಿ ಹಳೆಯ ಕಲ್ಲು ಕಟ್ಟಡಗಳ ನಡುವೆ ಬ್ಯಾಂಕುಗಳೂ ಬಟ್ಟೆಯಂಗಡಿಗಳೂ ಇವೆ.

ಈ ಪ್ರದೇಶದ ಪಶ್ಚಿಮಕ್ಕೆ ನಾನ್‌ಕಿನ್‌ಮಾಚಿ ಎಂಬ ಚೀನೀಯರ ಪೇಟೆಯಿದೆ. ಬಂದರು ತೆರೆದಾಗ ಚೀನಾದೊಂದಿಗೆ ಜಪಾನಿನ ಒಪ್ಪಂದವಿರಲಿಲ್ಲ. ಆದ್ದರಿಂದ ಚೀನೀಯರಿಗೆ ವಿದೇಶಿ ವಸತಿಯೊಳಗೆ ನೆಲೆಸುವ ಹಕ್ಕು ದೊರೆಯಲಿಲ್ಲ, ಅವರು ಅದರ ಅಂಚಿನಲ್ಲಿ ನೆಲೆಸಿದರು. ಹಾಗೆ ಹೊರಗುಳಿದವರ ಓಣಿಯೇ ಇಂದು ಊರಿನ ಅತ್ಯಂತ ಜನನಿಬಿಡ ತಾಣಗಳಲ್ಲೊಂದಾಗಿದೆ. ಅದರ ಪಕ್ಕದಲ್ಲೇ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ, ಮೇಲ್ಛಾವಣಿ ಹೊದಿಸಿದ ಮೊಟೊಮಾಚಿ ಮಾರುಕಟ್ಟೆಯಿದೆ.

ಅಲ್ಲಿಂದ ಟೋರ್ ರೋಡ್ ಎಂಬ ಏರುದಾರಿ ಹಿಡಿದು ಬೆಟ್ಟದ ಕಡೆಗೆ ಸಾಗಿದರೆ ಕಿಟಾನೊ ಬಡಾವಣೆ ಸಿಗುತ್ತದೆ. ಕೆಳಗಿನ ವಸತಿಯಲ್ಲಿ ಜಾಗ ಸಾಲದಾದಾಗ ವಿದೇಶಿ ವರ್ತಕರು ಇಲ್ಲಿ ಮನೆ ಕಟ್ಟಿಕೊಂಡರು. ಜರ್ಮನ್ ವರ್ತಕನೊಬ್ಬನಿಗಾಗಿ 1909ರ ಸುಮಾರಿಗೆ ಕಟ್ಟಿದ, ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರುವ ಹುಂಜವಿರುವ ಕೆಂಪಿಟ್ಟಿಗೆಯ ಮನೆ ಇವುಗಳಲ್ಲಿ ಪ್ರಸಿದ್ಧ. ಇಂತಹ ಅನೇಕ ಮನೆಗಳು ಇಂದು ವಸ್ತುಸಂಗ್ರಹಾಲಯಗಳಾಗಿವೆ. ಪ್ರವಾಸಿಗರು ಟಿಕೆಟ್ ಪಡೆದು ಒಳಹೋಗಿ, ಯಾರೂ ಕೂರದ ಕುರ್ಚಿಗಳನ್ನೂ ಯಾರೂ ಉಣ್ಣದ ಮೇಜುಗಳನ್ನೂ ನೋಡಿ ಹೊರಬರುತ್ತಾರೆ.

ಇದೇ ಇಳಿಜಾರಿನಲ್ಲಿ, ಸನ್ನೊಮಿಯಾ ರೈಲು ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆಯ ದೂರದಲ್ಲಿ, ಎರಡು ಮಿನಾರಗಳೂ ಗುಂಬಝೂ ಇರುವ ಕೋಬೆ ಮಸೀದಿಯಿದೆ. 1935ರಲ್ಲಿ ಆರಂಭಗೊಂಡ ಇದು ಜಪಾನಿನಲ್ಲಿ ಇಂದು ಉಳಿದಿರುವ ಮಸೀದಿಗಳಲ್ಲಿ ಅತ್ಯಂತ ಹಳೆಯದು.

ಇದನ್ನು ಕಟ್ಟಿಸಿದವರು ಯಾರು? ಸುಲ್ತಾನನೂ ಅಲ್ಲ, ಸರಕಾರವೂ ಅಲ್ಲ. 1923ರ ಮಹಾಭೂಕಂಪದಲ್ಲಿ ಯೊಕೊಹಾಮ ನಾಶವಾದಾಗ ಅಲ್ಲಿದ್ದ ಭಾರತೀಯ ವರ್ತಕರಲ್ಲಿ ಅನೇಕರು ಕೋಬೆಗೆ ಬಂದರು. ಬಟ್ಟೆಯ ರಫ್ತು ಅವರ ಮುಖ್ಯ ವ್ಯವಹಾರವಾಗಿತ್ತು. ಅವರಲ್ಲಿ ಮುಸ್ಲಿಮರೂ ಇದ್ದರು. ಅದೇ ಕಾಲದಲ್ಲಿ ಇನ್ನೊಂದು ಗುಂಪೂ ಇಲ್ಲಿಗೆ ತಲುಪಿತು. 1917ರ ರಷ್ಯನ್ ಕ್ರಾಂತಿಯ ತರುವಾಯ ವೋಲ್ಗಾ ತೀರದ ತಮ್ಮ ಊರುಗಳನ್ನು ತೊರೆದು, ಮಂಚೂರಿಯಾದ ಮೂಲಕ ಬಂದ ತಾತಾರ್ ಮುಸ್ಲಿಮರು. ಅವರಲ್ಲಿ ಹೆಚ್ಚಿನವರಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. ಉಣ್ಣೆಯ ಬಟ್ಟೆಯನ್ನು ಹೊತ್ತು ಮನೆಮನೆಗೆ ಮಾರಿ ಅವರು ಜೀವನ ಸಾಗಿಸುತ್ತಿದ್ದರು.

ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಊಟ, ಉಡುಪು, ಅಂತಸ್ತು ಎಲ್ಲವೂ ಬೇರೆ. ಆದರೆ ನಮಾಝಿನ ಸಫ್ಫಿನಲ್ಲಿ ಹಡಗುಗಟ್ಟಲೆ ಸರಕು ಕಳಿಸುವವನಿಗೂ ಗಂಟು ಹೊತ್ತು ಮಾರುವವನಿಗೂ ಒಂದೇ ಸ್ಥಾನ. 1928ರಲ್ಲಿ ಸಮಿತಿಯ ಮೂಲಕ ನಿಧಿ ಸಂಗ್ರಹ ಆರಂಭವಾಯಿತು. ಅದರ ದೊಡ್ಡ ಪಾಲನ್ನು ಭಾರತೀಯ ವರ್ತಕರು ನೀಡಿದರು. ಚೆಕ್ ಮೂಲದ ವಾಸ್ತುಶಿಲ್ಪಿ ಯಾನ್ ಯೋಸೆಫ್ ಶ್ವಾಗರ್ ನಕ್ಷೆ ರಚಿಸಿದರು. ಜಪಾನಿನ ತಾಕೆನಾಕಾ ಸಂಸ್ಥೆಯು ಬಲವರ್ಧಿತ ಕಾಂಕ್ರೀಟಿನಲ್ಲಿ ಕಟ್ಟಡವನ್ನು ನಿರ್ಮಿಸಿತು.

ಹತ್ತು ವರ್ಷ ತುಂಬುವುದರೊಳಗೆ ಪರೀಕ್ಷೆಯ ದಿನಗಳು ಬಂದವು. 1943ರಲ್ಲಿ ಜಪಾನಿನ ನೌಕಾಪಡೆಯು ಮಸೀದಿಯನ್ನು ವಶಪಡಿಸಿಕೊಂಡಿತು. 1945ರ ಮಾರ್ಚ್ ಮತ್ತು ಜೂನ್ ತಿಂಗಳ ವಾಯುದಾಳಿಗಳಲ್ಲಿ, ಬಹುತೇಕ ಮರದ ಮನೆಗಳಿಂದ ಕೂಡಿದ್ದ ಕೋಬೆ ಸುಟ್ಟು ಬೂದಿಯಾಯಿತು. ಸುತ್ತಲಿನ ಭಸ್ಮದ ನಡುವೆ ಮಸೀದಿ ನಿಂತೇ ಇತ್ತು. ಬಳಿಕ 1995ರ ಜನವರಿ 17ರ ಮುಂಜಾನೆ 5 ಗಂಟೆ 46 ನಿಮಿಷಕ್ಕೆ ನಗರವು ಮತ್ತೊಮ್ಮೆ ನಡುಗಿತು. ಆ ಭೂಕಂಪದಲ್ಲಿ ಒಟ್ಟು 6,434 ಮಂದಿ ಪ್ರಾಣ ಕಳೆದುಕೊಂಡರು. ಎತ್ತರದ ಹೆದ್ದಾರಿಯೇ ಮಗುಚಿ ಬಿತ್ತು. ಮಸೀದಿ ಆಗಲೂ ಉಳಿಯಿತು. ಬಂದರಿನ ಮೆರಿಕನ್ ಉದ್ಯಾನದಲ್ಲಿ ಅಂದು ಮುರಿದ ಧಕ್ಕೆಯ ಒಂದು ಭಾಗವನ್ನು, ವಾಲಿದ ದೀಪಸ್ತಂಭಗಳ ಸಹಿತ, ಹಾಗೆಯೇ ಕಾಪಾಡಿಡಲಾಗಿದೆ. ಮಸೀದಿಯನ್ನು ನೋಡಿದವರು ಅದನ್ನೂ ನೋಡಬೇಕು.

ಇದನ್ನು ಪವಾಡವೆಂದು ಕೊಂಡಾಡಿ ಸುಮ್ಮನಾಗುವವರಿದ್ದಾರೆ. ರಕ್ಷಿಸುವವನು ಅಲ್ಲಾಹನೇ ಎಂಬುದರಲ್ಲಿ ವಿಶ್ವಾಸಿಗೆ ಸಂಶಯವಿಲ್ಲ. ಆದರೆ ಆ ವರ್ತಕರು ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಸಲು ನೋಡಲಿಲ್ಲ, ಭೂಕಂಪದ ನಾಡಿನಲ್ಲಿ ಗಟ್ಟಿಯಾದ ಕಟ್ಟಡವನ್ನೇ ಕಟ್ಟಿಸಿದರು ಎಂಬುದನ್ನು ಮರೆಯಬಾರದು. ಒಂಟೆಯನ್ನು ಕಟ್ಟಿಹಾಕಿ ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆ ತಿಳಿದೇ ಇದೆ.

ಕಟ್ಟಿಸಿದವರು ಇಂದು ಇಲ್ಲ. ಯುದ್ಧಾನಂತರ ತಾತಾರರಲ್ಲಿ ಹೆಚ್ಚಿನವರು ಟರ್ಕಿಗೂ ಅಮೆರಿಕಕ್ಕೂ ವಲಸೆ ಹೋದರು. ಅವರ ಜಾಗದಲ್ಲಿ ಪಾಕಿಸ್ತಾನ, ಇಂಡೋನೇಷ್ಯಾ, ಬಾಂಗ್ಲಾದೇಶ, ಅರಬ್ ನಾಡುಗಳಿಂದ ಬಂದ ಕಾರ್ಮಿಕರೂ ವಿದ್ಯಾರ್ಥಿಗಳೂ ಇಸ್ಲಾಮ್ ಸ್ವೀಕರಿಸಿದ ಜಪಾನೀಯರೂ ನಿಂತಿದ್ದಾರೆ. ಸುತ್ತಲಿನ ಬೀದಿಗಳಲ್ಲಿ ಹಲಾಲ್ ಮಾಂಸದ ಅಂಗಡಿಗಳೂ ಮಸಾಲೆಯ ಪರಿಮಳವೂ ಇವೆ. ನಡೆದು ಹೋಗುವಷ್ಟು ದೂರದಲ್ಲೇ ಚರ್ಚು, ಯಹೂದಿಯರ ಸಿನಗಾಗ್, ಜೈನ ಮಂದಿರ ಮತ್ತು ಶಿಂಟೊ ದೇಗುಲಗಳಿವೆ.

ಕಿಟಾನೊದ ವೈಭವದ ಮನೆಗಳೂ ಈ ಮಸೀದಿಯೂ ವರ್ತಕರ ಹಣದಿಂದಲೇ ಎದ್ದವು. ತಮಗಾಗಿ ಕಟ್ಟಿಕೊಂಡ ಮನೆಗಳು, ಕಟ್ಟಿಕೊಂಡವರು ಹೋದ ಮೇಲೆ ನೋಟದ ವಸ್ತುಗಳಾದವು. ಅಲ್ಲಾಹನ ಹೆಸರಿನಲ್ಲಿ ಎಲ್ಲರಿಗಾಗಿ ಕಟ್ಟಿದ್ದು, ಕಟ್ಟಿದವರ ಹೆಸರು ಮರೆತರೂ ದಿನಕ್ಕೆ ಐದು ಬಾರಿ ತುಂಬುತ್ತದೆ. ‘ಸದಕ ಜಾರಿಯ’, ಅಂದರೆ ನಿರಂತರವಾಗಿ ಹರಿಯುವ ದಾನ ಎಂಬುದರ ಅರ್ಥವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸರಳ ಉದಾಹರಣೆ ಬೇಕೆ? ಊರು ಬಿಟ್ಟು ಬಂದು, ಪರದೇಶದಲ್ಲಿ ಗಂಟು ಹೊತ್ತು ಮಾರಿದ ಆ ಅನಾಮಿಕರ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ. ನಾವು ಇರುವ ಊರಿನಲ್ಲಿ, ನಮ್ಮ ನಂತರ ಬರುವವರಿಗೆ ಉಪಯುಕ್ತವಾದುದನ್ನು ಬಿಟ್ಟುಹೋಗುವ ಸೌಭಾಗ್ಯವನ್ನು ನಮಗೂ ಕರುಣಿಸಲಿ.