ಸುಲ್ತಾನ್ ಖಾನರ ಚದುರಂಗ

1929ರ ವಸಂತದಲ್ಲಿ ಪಂಜಾಬಿನ ದೊಡ್ಡ ಜಮೀನ್ದಾರರಾದ ಸರ್ ಉಮರ್ ಹಯಾತ್ ಖಾನರು ಲಂಡನ್ನಿಗೆ ಬಂದಿಳಿದಾಗ ಅವರ ಪರಿವಾರದಲ್ಲಿ ಮೀರ್ ಸುಲ್ತಾನ್ ಖಾನ್ ಎಂಬ ಯುವಕರೊಬ್ಬರಿದ್ದರು. ಅದೇ ಬೇಸಗೆಯಲ್ಲಿ ರಾಮ್ಸ್‌ಗೇಟ್ ಎಂಬ ಊರಿನಲ್ಲಿ ನಡೆದ ಬ್ರಿಟಿಷ್ ಚದುರಂಗದ ಪಂದ್ಯಾವಳಿಯನ್ನು ಅವರು ಗೆದ್ದುಕೊಂಡರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಮೂರು ಒಲಿಂಪಿಯಾಡ್‌ಗಳಲ್ಲಿ ಇಂಗ್ಲೆಂಡಿನ ತಂಡದ ಮೊದಲನೆಯ ಮಣೆಯಲ್ಲಿ ಕುಳಿತರು. 1933ರ ಕೊನೆಯಲ್ಲಿ ಯಜಮಾನರೊಡನೆ ಸ್ವದೇಶಕ್ಕೆ ಹಿಂತಿರುಗಿದರು. ಅಲ್ಲಿಗೆ ಅವರ ಅಂತರರಾಷ್ಟ್ರೀಯ ಜೀವನ ಮುಗಿಯಿತು. ಎಲ್ಲ ಸೇರಿ ಐದು ವರ್ಷಗಳೂ ಇಲ್ಲ.

ಈ ಕಥೆಯನ್ನು ಹೇಳುವವರೆಲ್ಲರೂ ಅದರ ಅದ್ಭುತದಲ್ಲಿಯೇ ಮೈಮರೆಯುತ್ತಾರೆ. ಅವರ ಆಟ ಹೇಗಿತ್ತೆಂದು ಕೇಳಿದರೆ ಮಾತ್ರ ಉತ್ತರ ಬಹಳ ಚಿಕ್ಕದು: ಆರಂಭ ದುರ್ಬಲ, ನಡು ಆಟ ಪ್ರಬಲ, ಅಂತ್ಯದಾಟ ಅತಿ ಪ್ರಬಲ, ಪುಸ್ತಕ ಓದದ ಸಹಜ ಪ್ರತಿಭೆ. ಈ ತೀರ್ಪು ಸುಳ್ಳಲ್ಲ. ಆದರೆ ಅದನ್ನು ಹೀಗೆ ಬಿಡಿಬಿಡಿಯಾಗಿ ಹೇಳಿದರೆ ಸಾಲದೆಂದು ನನ್ನ ಅಭಿಪ್ರಾಯ. ಅವರ ದೌರ್ಬಲ್ಯಕ್ಕೂ ಬಲಕ್ಕೂ ಬೇರು ಒಂದೇ. ಆ ಬೇರು ನಮ್ಮ ದೇಶದ ಹಳೆಯ ಚದುರಂಗದಲ್ಲಿದೆ.

ಪಂಜಾಬಿನ ಮಿಠಾ ತಿವಾನಾದಲ್ಲಿ ಹುಟ್ಟಿದ ಸುಲ್ತಾನ್ ಖಾನರು ಬಾಲ್ಯದಲ್ಲಿ ತಂದೆಯಿಂದ ಕಲಿತದ್ದು ದೇಶೀಯ ಪದ್ಧತಿಯ ಆಟವನ್ನು. ಅದರ ನಿಯಮಗಳಲ್ಲಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸ್ವಲ್ಪ ಭೇದವಿತ್ತು. ಸಾಮಾನ್ಯವಾಗಿ ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹಾರುವಂತಿರಲಿಲ್ಲ. ಒಂದೇ ಮನೆ ಮುಂದೆ ಸರಿಯಬೇಕು. ಪಾಶ್ಚಾತ್ಯ ಆಟದ ಕ್ಯಾಸ್ಲಿಂಗ್ ಇರಲಿಲ್ಲ. ಬದಲಿಗೆ ರಾಜ ಆಟದಲ್ಲಿ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯಬಹುದಾಗಿತ್ತು. ಇದನ್ನು ಹಳ್ಳಿಯ ಜಗಲಿಯ ಕಾಲಕ್ಷೇಪವೆಂದು ತಿಳಿಯಬಾರದು. ಭಾರತೀಯ ಚದುರಂಗಕ್ಕೆ ರಾಜಾಸ್ಥಾನಗಳ ಆಶ್ರಯವಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ನಿಲ್ಲಿಸಿ ನಡೆಸುವ ಬಂಧಗಳನ್ನು ರಚಿಸಿದ್ದುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು.

ಇಂಥ ಆಟದಲ್ಲಿ ಪಳಗಿದವನ ಮನಸ್ಸು ಹೇಗೆ ರೂಪುಗೊಳ್ಳುತ್ತದೆ? ಕಾಲಾಳುಗಳು ಮೆಲ್ಲಗೆ ಸರಿಯುವುದರಿಂದ ಎರಡು ಸೇನೆಗಳೂ ಒಂದನ್ನೊಂದು ಮುಟ್ಟುವುದು ತಡವಾಗುತ್ತದೆ. ಆರಂಭದಲ್ಲಿ ಒಂದೆರಡು ನಡೆ ವ್ಯರ್ಥವಾದರೂ ಪ್ರಾಣಾಪಾಯವಿಲ್ಲ. ಪಾಶ್ಚಾತ್ಯ ಆಟದಲ್ಲಿಯಾದರೋ ಎಂಟು ಹತ್ತು ನಡೆಗಳಲ್ಲಿಯೇ ಕತ್ತಿ ಒರೆಯಿಂದ ಹೊರಬರುತ್ತದೆ. ಅಲ್ಲಿ ಎದುರಾಳಿ ಮನೆಯಲ್ಲಿ ಕುಳಿತು ಕಂಠಪಾಠ ಮಾಡಿಕೊಂಡು ಬಂದ ದಾರಿಗೆ ಇವರು ಮಣೆಯ ಮುಂದೆ ಕುಳಿತು ಉತ್ತರ ಹುಡುಕಬೇಕಾಗಿತ್ತು. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಅಭ್ಯಾಸಕ್ಕೆಂದು ಏರ್ಪಡಿಸಿದ ಒಂದು ಚಿಕ್ಕ ಪಂದ್ಯಾವಳಿಯಲ್ಲಿ ಅವರು ಕೊನೆಯ ಸ್ಥಾನವನ್ನು ಹಂಚಿಕೊಂಡರು. ಆಮೇಲೆ ವಿಲಿಯಂ ವಿಂಟರ್ ಮತ್ತು ಫ್ರೆಡರಿಕ್ ಯೇಟ್ಸ್ ಎಂಬ ಆಂಗ್ಲ ಆಟಗಾರರು ಅವರಿಗೆ ಆರಂಭದ ನಡೆಗಳನ್ನು ಹೇಳಿಕೊಟ್ಟರು. ಕೆಲವೇ ತಿಂಗಳಲ್ಲಿ ರಾಮ್ಸ್‌ಗೇಟಿನ ಗೆಲುವು ಬಂದಿತು. ಕಲಿಯದ ಪ್ರತಿಭೆ ಎಂದು ಅವರನ್ನು ಹೊಗಳುವವರು ಈ ಕಲಿಕೆಯ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬಲವೆಲ್ಲಿತ್ತೆಂಬುದನ್ನು ನೋಡಲು ಒಂದು ಆಟ ಸಾಕು. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವರು ಬಿಳಿಯ ಕಾಯಿಗಳನ್ನು ಹಿಡಿದು ಕಾಪಾಬ್ಲಾಂಕಾರನ್ನು ಎದುರಿಸಿದರು. 1921ರಿಂದ 1927ರವರೆಗೆ ಜಗಜ್ಜೇತರಾಗಿದ್ದ ಕಾಪಾಬ್ಲಾಂಕಾರನ್ನು ಸೋಲಿಸುವುದೆಂದರೆ ಆ ಕಾಲದ ಆಟಗಾರರಿಗೆ ಜನ್ಮ ಸಾರ್ಥಕವಾದಂತೆ. ಆಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ಇದು: ಸುಲ್ತಾನ್ ಖಾನರು ಕ್ಯಾಸ್ಲಿಂಗ್ ಮಾಡಲೇ ಇಲ್ಲ. ಅಂಚಿನ ಕಾಲಾಳುಗಳನ್ನು ಮುಂದೊತ್ತುತ್ತ, ಮಧ್ಯಭಾಗವನ್ನು ಮುಚ್ಚಿ, ರಾಜನನ್ನು ನಡುವೆಯೇ ಉಳಿಸಿಕೊಂಡರು. ಕಾಪಾಬ್ಲಾಂಕಾ ತೆರೆದ ಸಾಲಿನಲ್ಲಿ ಎರಡು ಆನೆಗಳನ್ನೂ ನುಗ್ಗಿಸಿ ಶಹ್ ಕೊಟ್ಟರು. ರಾಜ ಒಂದು ಹೆಜ್ಜೆ ಮುಂದಿಟ್ಟಿತು. ಬಿಳಿಯ ಮಂತ್ರಿ ಹೋಯಿತು; ಅದಕ್ಕೆ ಪ್ರತಿಯಾಗಿ ಎರಡು ಕರಿಯ ಆನೆಗಳೂ ಬಿದ್ದವು.

ಇಪ್ಪತ್ತನಾಲ್ಕನೆಯ ನಡೆಯ ಹೊತ್ತಿಗೆ ಕರಿಯರ ಬಳಿ ಮಂತ್ರಿ, ಬಿಳಿಯರ ಬಳಿ ಆನೆಗಳು. ಮಣೆ ತೆರೆದಿದ್ದರೆ ಮಂತ್ರಿ ಎಲ್ಲೆಂದರಲ್ಲಿ ಹಾರಿ ಅನಾಹುತ ಮಾಡುತ್ತಿತ್ತು. ಆದರೆ ಕಾಲಾಳುಗಳ ಗೋಡೆಗಳ ನಡುವೆ ಅದಕ್ಕೆ ದಾರಿ ಇರಲಿಲ್ಲ. ಬಿಳಿಯ ರಾಜ ಎಲ್ಲರೂ ಅಪಾಯವೆನ್ನುವ ನಡುಮನೆಯಲ್ಲಿ ನಿಶ್ಚಿಂತನಾಗಿ ನಿಂತಿತ್ತು. ಅಲ್ಲಿಂದ ಮುಂದೆ ಸುಲ್ತಾನ್ ಖಾನರು ಯಾವ ಆತುರವನ್ನೂ ತೋರಲಿಲ್ಲ. ಆನೆಗಳನ್ನು ಮೆಲ್ಲಗೆ ಸರಿಪಡಿಸಿಕೊಂಡು, ಎದುರಾಳಿಗೆ ಎಲ್ಲಿಯೂ ಬಿಡುವು ಕೊಡದೆ, ಅರುವತ್ತೈದು ನಡೆಗಳಲ್ಲಿ ಗೆದ್ದರು. ಕ್ಯಾಸ್ಲಿಂಗ್ ಇಲ್ಲದ ಆಟದಲ್ಲಿ ಬೆಳೆದವನಿಗೆ ರಾಜ ಬಯಲಿನಲ್ಲಿ ನಿಲ್ಲುವುದು ಭಯದ ವಿಷಯವಲ್ಲ. ಒಂದೊಂದೇ ಮನೆ ಸರಿಯುವ ಕಾಲಾಳುಗಳೊಡನೆ ಬೆಳೆದವನಿಗೆ ಮುಚ್ಚಿದ ಮಣೆಯ ತಾಳ್ಮೆ ಹೊಸತಲ್ಲ. ಆರಂಭದಲ್ಲಿ ಅವರನ್ನು ಕಾಡಿದ ಸಂಸ್ಕಾರವೇ ಇಲ್ಲಿ ಅವರನ್ನು ಕಾಯಿತು.

ಇದು ಒಂದು ದಿನದ ಅದೃಷ್ಟವಲ್ಲ. 1930ರ ಲಿಯೇಜ್ ಪಂದ್ಯಾವಳಿಯಲ್ಲಿ ಅವರು ಟಾರ್ಟಕೋವರರ ಹಿಂದೆ ಎರಡನೆಯವರಾದರು. ಮರುವರ್ಷ ಅದೇ ಟಾರ್ಟಕೋವರರನ್ನು ಹನ್ನೆರಡು ಆಟಗಳ ದ್ವಂದ್ವಪಂದ್ಯದಲ್ಲಿ ಸೋಲಿಸಿದರು. 1931ರ ಪ್ರಾಗ್ ಒಲಿಂಪಿಯಾಡ್‌ನಲ್ಲಿ ರೂಬಿನ್‌ಸ್ಟೈನ್, ಫ್ಲೋರ್ ಇಬ್ಬರನ್ನೂ ಗೆದ್ದರು. ಜಗಜ್ಜೇತರಾಗಿದ್ದ ಅಲೆಖಿನರೊಡನೆ ಸಮ ಮಾಡಿಕೊಂಡರು. ಅಲ್ಲಿ ಹದಿನೇಳು ಆಟಗಳಲ್ಲಿ ಸೋತದ್ದು ಎರಡನ್ನು ಮಾತ್ರ.

ಹಾಗೆಂದು ಅವರನ್ನು ಅಲೆಖಿನ್, ಕಾಪಾಬ್ಲಾಂಕಾರ ಸಾಲಿನಲ್ಲಿ ಕೂರಿಸುವುದು ಅಭಿಮಾನದ ಮಾತಾದೀತೇ ಹೊರತು ವಿಮರ್ಶೆಯಾಗದು. ಅವರ ಆಟದಲ್ಲಿ ಏರಿಳಿತವಿತ್ತು. 1932ರಲ್ಲಿ ಫ್ಲೋರ್ ಜೊತೆಗಿನ ಚಿಕ್ಕ ಪಂದ್ಯವನ್ನು ಸ್ವಲ್ಪದರಲ್ಲಿ ಕಳೆದುಕೊಂಡರು. 1933ರ ಫೋಕ್‌ಸ್ಟನ್ ಒಲಿಂಪಿಯಾಡ್‌ನಲ್ಲಿ ನಾಲ್ಕು ಗೆಲುವು, ನಾಲ್ಕು ಸೋಲು, ಆರು ಸಮ. ಆರಂಭದಲ್ಲಿ ಇಕ್ಕಟ್ಟಿಗೆ ಸಿಕ್ಕಿ ಗಂಟೆಗಟ್ಟಲೆ ಹೆಣಗಿ ಹೊರಬರುವ ಶೈಲಿ ದೇಹವನ್ನು ಹಿಂಡುತ್ತದೆ. ಇಂಗ್ಲೆಂಡಿನ ಥಂಡಿ ಅವರಿಗೆ ಒಗ್ಗಲಿಲ್ಲ. ಮಲೇರಿಯಾ, ಶೀತ, ಗಂಟಲುನೋವು ಮೇಲಿಂದ ಮೇಲೆ ಕಾಡುತ್ತಿದ್ದವು. ಪ್ರಥಮ ದರ್ಜೆಯ ಆಟಗಾರರ ನಡುವೆ, ಫ್ಲೋರ್ ಕಾಶ್ಡಾನರ ಸಮೀಪದಲ್ಲಿ, ಅವರಿಗೊಂದು ಆಸನವಿದೆಯೆಂದು ನಾನು ಎಣಿಸುತ್ತೇನೆ. ಇನ್ನು ಹತ್ತು ವರ್ಷ ಆಡಿದ್ದರೆ ಏನಾಗುತ್ತಿತ್ತೆಂಬುದು ಬೇರೆ ಮಾತು.

ಆ ಹತ್ತು ವರ್ಷ ಏಕೆ ದೊರೆಯಲಿಲ್ಲ? ಫೋಕ್‌ಸ್ಟನ್ ಪಂದ್ಯಗಳ ಸಮಯದಲ್ಲಿ ಸರ್ ಉಮರ್ ಹಯಾತರು ಅಮೆರಿಕದ ತಂಡವನ್ನು ಊಟಕ್ಕೆ ಕರೆದಿದ್ದರಂತೆ. ಇಂಥ ದೊಡ್ಡ ಆಟಗಾರ ತಮಗೆ ಬಡಿಸುವ ಆಳಾಗಿ ನಿಂತದ್ದನ್ನು ಕಂಡು ಸಂಕೋಚವಾಯಿತೆಂದು ಆ ತಂಡದ ರೂಬೆನ್ ಫೈನ್ ಬರೆದಿದ್ದಾರೆ. ಸೇವಕ, ಅನಕ್ಷರಸ್ಥ ಎಂಬ ಈ ಚಿತ್ರವನ್ನು ಸುಲ್ತಾನ್ ಖಾನರ ವಂಶಸ್ಥರು ಈಚಿನ ವರ್ಷಗಳಲ್ಲಿ ಬಲವಾಗಿ ಅಲ್ಲಗಳೆದಿದ್ದಾರೆ. ಅವರ ಅಂತಸ್ತು ಏನೇ ಇರಲಿ, ಒಂದು ಸಂಗತಿ ನಿರ್ವಿವಾದ: ಯಜಮಾನರು ಹೊರಟಾಗ ಅವರೂ ಹೊರಟರು. 1935ರಲ್ಲಿ ಖಾಡಿಲ್ಕರ್ ಎಂಬ ಆಟಗಾರರ ಮೇಲೆ ಹತ್ತು ಆಟ ಆಡಿ ಒಂದನ್ನು ಸಮ ಮಾಡಿ ಉಳಿದೆಲ್ಲವನ್ನೂ ಗೆದ್ದರು. ಶಕ್ತಿ ಬತ್ತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆಮೇಲೆ ಜಮೀನು, ಸಂಸಾರ, ದೇಶವಿಭಜನೆ. ಮಕ್ಕಳಿಗೆ ಚದುರಂಗ ಹೇಳಿಕೊಡಲು ಅವರು ಒಪ್ಪಲಿಲ್ಲವೆಂದೂ, ಇನ್ನೂ ಉಪಯೋಗವಾದ ಕೆಲಸವನ್ನು ಮಾಡಿರೆಂದರೆಂದೂ ಅವರ ಹಿರಿಯ ಮಗ ನೆನೆದಿದ್ದಾರೆ. 1966ರಲ್ಲಿ ಪಾಕಿಸ್ತಾನದ ಸರ್ಗೋಧಾದಲ್ಲಿ ತೀರಿಕೊಂಡರು.

1950ರಲ್ಲಿ ವಿಶ್ವ ಚದುರಂಗ ಸಂಸ್ಥೆ ಮೊದಲ ಬಾರಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದುಗಳನ್ನು ಹಂಚಿತು. ಬಹುಕಾಲದ ಹಿಂದೆಯೇ ಆಟ ಬಿಟ್ಟಿದ್ದ ರೂಬಿನ್‌ಸ್ಟೈನರಿಗೂ ಬಿರುದು ಬಂದಿತು, ಅದು ನ್ಯಾಯವೇ. ರೂಬಿನ್‌ಸ್ಟೈನರನ್ನು ಸೋಲಿಸಿದ್ದ, ಆಗ ಇನ್ನೂ ಬದುಕಿದ್ದ ಸುಲ್ತಾನ್ ಖಾನರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಸಂಸ್ಥೆ ಅವರಿಗೆ ಕೊಟ್ಟದ್ದು 2024ರಲ್ಲಿ, ಅವರು ಕಣ್ಮುಚ್ಚಿದ ಐವತ್ತೆಂಟು ವರ್ಷಗಳ ಮೇಲೆ.

ಮನೆಯಲ್ಲಿ ಮಣೆಯುಳ್ಳವರು ಒಂದು ಸಂಜೆ ಬಿಡುವು ಮಾಡಿಕೊಂಡು ಕಾಪಾಬ್ಲಾಂಕಾರೊಡನೆ ಅವರಾಡಿದ ಆ ಆಟವನ್ನು ನಡೆಸಿ ನೋಡಬೇಕು. ಮಂತ್ರಿ ಹೋದ ಮೇಲಿನ ನಲವತ್ತು ನಡೆಗಳಲ್ಲಿ ಅವಸರ ಬೇಡ. ಆಡಿದವರೂ ಅವಸರಪಡಲಿಲ್ಲ.