ನೀರಿಗಿಂತ ಮೊದಲು ನೆಲ

ನಮ್ಮ ಮನೆಯ ನಲ್ಲಿಗೆ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ಕೊಳವೆಯೊಳಗೆ ಹರಿದು ಬರುತ್ತದೆ. ಆ ಕೊಳವೆ ಯಾರ ಯಾರ ನೆಲವನ್ನು ಹಾದುಬಂದಿದೆಯೆಂದು ನಾನು ಬಹುಕಾಲ ಯೋಚಿಸಿದವನಲ್ಲ. ಯೋಚನೆಗೆ ಹಚ್ಚಿದ್ದು ದೂರದ ಲಾಸ್ ಏಂಜಲೀಸ್ ನಗರದ ಇತಿಹಾಸ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ನಗರ ಬೆಳೆಯುತ್ತಿತ್ತು. ಅದರ ನದಿಯಾದರೋ ಬಡನದಿ. ನೀರಿದ್ದುದು ಸಿಯೆರಾ ನೆವಾಡಾ ಪರ್ವತಗಳ ಪೂರ್ವದ ಮಗ್ಗುಲಿನ ಓವೆನ್ಸ್ ಕಣಿವೆಯಲ್ಲಿ. 1905ರಲ್ಲಿ ನಗರದ ಮಾಜಿ ಮೇಯರ್ ಫ್ರೆಡ್ ಈಟನ್ ಅಲ್ಲಿಗೆ ಹೋಗಿ ಹೊಲಗಳನ್ನೂ ಅವುಗಳಿಗೆ ಸೇರಿದ ನೀರಿನ ಹಕ್ಕುಗಳನ್ನೂ ಸದ್ದಿಲ್ಲದೆ ಕ್ರಯಕ್ಕೆ ಗೊತ್ತುಮಾಡತೊಡಗಿದ. ಕೇಂದ್ರ ಸರಕಾರದ ನೀರಾವರಿ ಇಲಾಖೆ ಆಗ ಆ ಕಣಿವೆಗೇ ಒಂದು ಯೋಜನೆಯನ್ನು ಪರಿಶೀಲಿಸುತ್ತಿತ್ತು. ಈಟನ್ ಬಂದಿರುವುದು ಅದರ ಪರವಾಗಿಯೇ ಎಂದು ರೈತರನೇಕರು ನಂಬಿದರು. ಇಲಾಖೆಯ ಎಂಜಿನಿಯರ್ ಲಿಪಿನ್‌ಕಾಟ್ ಈಟನ್‌ನ ಸ್ನೇಹಿತ; ನಗರದಿಂದ ಸಲಹೆಗಾರನ ಸಂಭಾವನೆಯನ್ನೂ ಪಡೆದವನು! ಜುಲೈ ಕೊನೆಯಲ್ಲಿ ಪತ್ರಿಕೆಯೊಂದು ಗುಟ್ಟನ್ನು ಹೊರಗೆಡಹುವ ಹೊತ್ತಿಗೆ ಮುಖ್ಯವಾದ ನೆಲವೆಲ್ಲ ಕೈಸೇರಿತ್ತು.

ನಮ್ಮ 1894ರ ಭೂಸ್ವಾಧೀನ ಕಾಯಿದೆಯನ್ನು ನಾವು ಬೈದದ್ದು ಕಡಮೆಯಲ್ಲ. 2014ರಲ್ಲಿ ಹೊಸ ಕಾಯಿದೆಗೆ ಎಡೆಗೊಡುವವರೆಗೂ ಅದು ರೈತನನ್ನು ಒಪ್ಪಿಗೆ ಕೇಳಿದ್ದಿಲ್ಲ. ಆದರೆ ಗೆಜೆಟ್ಟಿನ ಪ್ರಕಟಣೆಯಿಂದ, ಕೊಳ್ಳುವವರು ಯಾರು, ಏತಕ್ಕೆ ಎಂಬುದಾದರೂ ತಿಳಿಯುತ್ತಿತ್ತು. ಓವೆನ್ಸ್‌ನ ರೈತನಿಗೆ ಬೆಲೆ ಸಿಕ್ಕಿತು, ಒಪ್ಪಿಗೆಯೂ ಅವನದೇ. ತಾನು ಮಾರುತ್ತಿರುವುದು ಏನನ್ನು ಎಂಬುದು ಮಾತ್ರ ತಿಳಿದಿರಲಿಲ್ಲ.

ಸರಕಾರಿ ಭೂಮಿಯನ್ನು ಹಾಯುವ ಹಕ್ಕನ್ನು ಅಮೆರಿಕದ ಕಾಂಗ್ರೆಸ್ 1906ರಲ್ಲಿ ದಯಪಾಲಿಸಿತು. 1907ರಲ್ಲಿ ಮತದಾರರು 2 ಕೋಟಿ 30 ಲಕ್ಷ ಡಾಲರಿನ ಸಾಲಪತ್ರಗಳಿಗೆ ಒಪ್ಪಿದರು. ವಿಲಿಯಂ ಮಲ್‌ಹಾಲಂಡ್ ಕಟ್ಟಿಸಿದ 233 ಮೈಲಿಗಳ ಜಲಮಾರ್ಗದಲ್ಲಿ 1913ರ ನವೆಂಬರಿನಲ್ಲಿ ನೀರು ನಗರಕ್ಕೆ ಇಳಿಯಿತು. ಎಲ್ಲಿಯೂ ಪಂಪಿಲ್ಲ, ಇಳಿಜಾರಿನ ಬಲವೊಂದೇ. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಮೆಚ್ಚತಕ್ಕ ಕೆಲಸವೇ ಸರಿ.

ಇಪ್ಪತ್ತರ ದಶಕದಲ್ಲಿ ಬರ ಬಂತು. ನಗರ ಮತ್ತಷ್ಟು ಹೊಲ ಕೊಂಡಿತು. ನೆರೆಯವನು ಮಾರಿದರೆ ಇಬ್ಬರಿಗೂ ಸೇರಿದ ಕಾಲುವೆ ಸೊರಗುತ್ತದೆ. ಗಿರಾಕಿಯಿಲ್ಲದೆ ಅಂಗಡಿ ಮುಚ್ಚುತ್ತದೆ. ಹೊಲ ಮಾರದ ಅಂಗಡಿಯವನಿಗೆ ಯಾರು ಪರಿಹಾರ ಕೊಟ್ಟಾರು? 1924ರ ಮೇ ತಿಂಗಳಲ್ಲಿ ಜಲಮಾರ್ಗಕ್ಕೆ ಡೈನಮೈಟು ಬಿತ್ತು. ನವೆಂಬರಿನಲ್ಲಿ ಕಣಿವೆಯ ಜನ ಅಲಬಾಮಾ ತೂಬನ್ನು ಹಿಡಿದು, ನೀರನ್ನು ಕೆಲವು ದಿನ ಹಳೆಯ ಪಾತ್ರಕ್ಕೇ ಹರಿಯಬಿಟ್ಟರು. ಓವೆನ್ಸ್ ಸರೋವರ ಆ ದಶಕದಲ್ಲೇ ಬತ್ತಿ ಧೂಳಾಯಿತು.

ಈಟನ್ನನ ಕಥೆ ಉಳಿಯಿತು. ಜಲಾಶಯಕ್ಕೆ ಒಪ್ಪುವ ಲಾಂಗ್ ವ್ಯಾಲಿಯನ್ನು ಆತ ತನಗೇ ಇಟ್ಟುಕೊಂಡು, ನಗರವನ್ನು 10 ಲಕ್ಷ ಡಾಲರು ಕೇಳಿದ. ಮಲ್‌ಹಾಲಂಡ್ ಒಪ್ಪಲಿಲ್ಲ, ಹಳೆಯ ಸ್ನೇಹ ಮುರಿಯಿತು. ಕೊನೆಗೆ ಸಾಲದಲ್ಲಿ ಕೈಬಿಟ್ಟುಹೋದ ಆ ನೆಲವನ್ನು ನಗರ ಕಡಮೆ ಬೆಲೆಗೇ ಕೊಂಡು, 1941ರಲ್ಲಿ ಅಲ್ಲಿ ಅಣೆಕಟ್ಟನ್ನು ಮುಗಿಸಿತು. ಅದನ್ನು ನೋಡಲು ಈಟನ್ ಇರಲಿಲ್ಲ.