ಕಾವಿನ ಮುಳ್ಳು

ಮೇ ತಿಂಗಳ ಮಧ್ಯಾಹ್ನ ಹೈದರಾಬಾದಿನ ಉಪ್ಪಲ್ ರಿಂಗ್ ರೋಡಿನಲ್ಲಿ ಹಳೆಯ ಗಾಡಿಯನ್ನು ಕಂಗೆಡಿಸುವುದು ಬಿಸಿಲೊಂದೇ ಅಲ್ಲ, ನಿಂತಲ್ಲೇ ನಿಲ್ಲಬೇಕಾದ ಪಾಡು. ವರಂಗಲ್ ಕಡೆಯ ಬಸ್ಸುಗಳು ಹಾಯುವ ಜಾಗ ಇದು. ನಾರಪಳ್ಳಿಯವರೆಗಿನ ಮೇಲ್ಸೇತುವೆ ಕೆಲಸ 2018ರಲ್ಲಿ ಶುರುವಾಗಿ ವರ್ಷಗಟ್ಟಲೆ ಎಳೆದದ್ದರಿಂದ, ಕಂಬಗಳ ಪಕ್ಕದಲ್ಲಿ ಗಾಡಿಗಳು ತೆವಳುವುದು ಇಲ್ಲಿನವರಿಗೆ ರೂಢಿಯೇ ಆಗಿಹೋಯಿತು. ಓಡುವ ಗಾಡಿಯ ರೇಡಿಯೇಟರಿಗೆ ಎದುರುಗಾಳಿ ತಾನಾಗಿ ಸಿಗುತ್ತದೆ. ನಿಂತ ಗಾಡಿಗೆ ಫ್ಯಾನೇ ಗತಿ. ಹಳೆಯ ಗಾಡಿಗಳಲ್ಲಿ ಫ್ಯಾನನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಗಾಳಿ ಹೆಚ್ಚು ಬೇಕಾದ ಹೊತ್ತಿಗೇ ಕಡಿಮೆ ಸಿಗುತ್ತದೆ.

ಆಗ ಚಾಲಕನ ಕಣ್ಣು ಡ್ಯಾಶ್‌ಬೋರ್ಡಿನ ಪುಟ್ಟ ಮುಳ್ಳಿನ ಮೇಲೆ. ಒಂದು ತುದಿಯಲ್ಲಿ ‘ಸಿ’, ಇನ್ನೊಂದು ತುದಿಯಲ್ಲಿ ‘ಎಚ್’. ನಡುವೆ ಅಂಕಿಯೇ ಇಲ್ಲ. ಎಂಜಿನ್ನಿನ ಕಾವು ಅಳೆಯುವ ಈ ಉಪಕರಣ ಮೊದಲು ಹೀಗಿರಲಿಲ್ಲ.

ಮೊದಲಿಗೆ ಅಳತೆಯೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಒಂದೂವರೆ ಕೋಟಿ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ, ಆರಂಭದ ಕೆಲವು ಸಾವಿರ ಬಿಟ್ಟರೆ, ನೀರಿನ ಪಂಪು ಕೂಡ ಇರಲಿಲ್ಲ. ಬಿಸಿನೀರು ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ ಎಂಬ ನಂಬಿಕೆಯ ಮೇಲೇ ಅದು ನಡೆಯುತ್ತಿತ್ತು. ನೀರು ಕುದಿದು ಹಬೆ ಎದ್ದಾಗಲೇ ಚಾಲಕನಿಗೆ ವಿಷಯ ಗೊತ್ತಾಗುವುದು.

1910ರ ದಶಕದಲ್ಲಿ ಅಮೆರಿಕದಲ್ಲಿ ಬಾಯ್ಸ್ ಮೋಟೋಮೀಟರ್ ಬಂತು. ರೇಡಿಯೇಟರ್ ಮುಚ್ಚಳದ ಮೇಲೆ ಕೂರಿಸುವ ಥರ್ಮಾಮೀಟರ್ ಅದು. ಒಳಗೆ ಕೆಂಪು ದ್ರವ ಏರುವುದನ್ನು ಚಾಲಕ ತನ್ನ ಸೀಟಿನಿಂದಲೇ, ಗಾಜಿನಾಚೆ ನೋಡಬಹುದಿತ್ತು. ಅದು ಅಳೆಯುತ್ತಿದ್ದುದು ನೀರನ್ನಲ್ಲ, ನೀರಿನ ಮೇಲಿನ ಆವಿಯನ್ನು. ಬಹಳ ಮಂದಿ ಅದನ್ನು ಬೇರೆಯಾಗಿ ಕೊಂಡು ತಮ್ಮ ಕಾರಿಗೆ ಹಾಕಿಸಿಕೊಂಡರು. ಕಂಪನಿ ಕೊಡದಿದ್ದ ಮೀಟರನ್ನು ಹೊರಗಿನಿಂದ ತಂದು ಕೂರಿಸುವ ಪದ್ಧತಿ ಹೀಗೆ ಕಾರಿನಷ್ಟೇ ಹಳೆಯದು.

ಅದೇ ಕಾಲದ ಹಿಂದುಮುಂದಿನಲ್ಲಿ ದಖ್ಖನಿನಲ್ಲೂ ಮೋಟಾರು ಬೇರೂರಿತು. 1932ರಲ್ಲಿ ನಿಜಾಮರ ಸರ್ಕಾರಿ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸು, 166 ನೌಕರರೊಂದಿಗೆ ಕೆಲಸ ಶುರುಮಾಡಿತು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನಲ್ಲಿ ಇಂದಿಗೂ ಜೋಪಾನವಾಗಿಟ್ಟಿದ್ದಾರೆ. ಬೀದರ್, ಗುಲ್ಬರ್ಗ, ರಾಯಚೂರು ಆಗ ಅದೇ ಸಂಸ್ಥಾನದ ಜಿಲ್ಲೆಗಳು. ಉಪ್ಪಲ್ ಮೂಲಕ ವರಂಗಲ್ಲಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 163ರ ಪಶ್ಚಿಮದ ಕಡೆಯಿರುವ ಕೊಡಂಗಲ್ ಕೂಡ 1956ರವರೆಗೆ ಗುಲ್ಬರ್ಗ ಜಿಲ್ಲೆಯಲ್ಲೇ ಇತ್ತು.

ಈ ಪ್ರಸ್ಥಭೂಮಿಗೆ ಇನ್ನೊಂದು ಲೆಕ್ಕವಿದೆ. ಹೈದರಾಬಾದು ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ, ಬೀದರ್ ಇನ್ನೂ ಮೇಲೆ. ಇಲ್ಲಿ ತೆರೆದ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ, 98ರ ಆಸುಪಾಸು ಸಾಕು. ಒತ್ತಡ ಹಿಡಿಯುವ ಮುಚ್ಚಳ ಇಲ್ಲದ ಹಳೆಯ ರೇಡಿಯೇಟರಿನಲ್ಲಿ, ಕರಾವಳಿಯಲ್ಲಿ ತಡೆದುಕೊಳ್ಳುವ ನೀರು ದಖ್ಖನಿನಲ್ಲಿ ಸ್ವಲ್ಪ ಮೊದಲೇ ಕುದಿಯುತ್ತದೆ.

ಮುಚ್ಚಳದ ಮೇಲಿದ್ದ ಥರ್ಮಾಮೀಟರ್ 1920ರ ದಶಕದ ಕೊನೆಯ ಹೊತ್ತಿಗೆ ಡ್ಯಾಶ್‌ಬೋರ್ಡಿಗೆ ಇಳಿಯಿತು. ಎಂಜಿನ್ನಿನ ನೀರಿನಲ್ಲಿ ಒಂದು ಲೋಹದ ಬುರುಡೆ, ಅದರಿಂದ ಕೂದಲೆಳೆಯಷ್ಟು ರಂಧ್ರದ ತಾಮ್ರದ ಕೊಳವೆ, ಕೊನೆಯಲ್ಲಿ ಬಾಗಿದ ನಳಿಗೆ. ಬುರುಡೆಯೊಳಗಿನ ದ್ರವ ಕಾದರೆ ಒತ್ತಡ ಏರಿ ನಳಿಗೆ ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಆ ನಳಿಗೆ ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದದ್ದು. ವಿದ್ಯುತ್ತೇ ಬೇಡ, ಅಂಕಿಯೂ ಇತ್ತು.

ಆಮೇಲೆ ಬಂದ ವಿದ್ಯುತ್ ಮೀಟರು ಅಗ್ಗ, ತಂತಿ ಎಳೆಯುವುದು ಸುಲಭ. ಆದರೆ ಅಂಕಿ ಹೋಗಿ ‘ಸಿ’, ‘ಎಚ್’ ಉಳಿದವು. 1960ರ ದಶಕದ ಹಲವು ಬ್ರಿಟಿಷ್ ಕಾರುಗಳಲ್ಲಿ ಈ ಮೀಟರಿಗೂ ಪೆಟ್ರೋಲ್ ಮೀಟರಿಗೂ ಸೇರಿ ಒಂದೇ ವೋಲ್ಟೇಜ್ ಸ್ಟೆಬಿಲೈಸರ್. ಅದು ಕೆಟ್ಟರೆ ಎರಡು ಮುಳ್ಳೂ ಒಟ್ಟಿಗೆ ಏರುತ್ತವೆ. ಎಂಜಿನ್ ಕಾದಿದೆಯೆಂದು ಹೆದರುವ ಮೊದಲು, ಟ್ಯಾಂಕು ತಾನಾಗಿ ತುಂಬಿದಂತೆ ಕಾಣುತ್ತಿದೆಯೇ ನೋಡಬೇಕು! ಮುಂದೆ ಅನೇಕ ಕಾರುಗಳಲ್ಲಿ ಮುಳ್ಳನ್ನೇ ಪಳಗಿಸಿದರು: ಸುಮಾರು 80ರಿಂದ 100 ಡಿಗ್ರಿಯವರೆಗೆ ಏನಾದರೂ ಅದು ನಡುವಿನಲ್ಲೇ ಅಲ್ಲಾಡದೆ ನಿಲ್ಲುತ್ತದೆ. ಮಾಲೀಕ ಸುಮ್ಮನೆ ಗಾಬರಿಯಾಗಬಾರದು ಎಂಬುದು ಕಾರಣ. ಈಗ ಕೆಲವು ಕಾರುಗಳಲ್ಲಿ ಮುಳ್ಳೂ ಇಲ್ಲ, ಒಂದು ನೀಲಿ ದೀಪ, ಒಂದು ಕೆಂಪು ದೀಪ.

ಹಳೆಯ ಗಾಡಿಗೆ ಅಂಕಿ ಇರುವ ಮೀಟರು ಹಾಕಿಸುವವರು ಕಳೆದುಹೋದ ಆ ಅಂಕಿಯನ್ನೇ ವಾಪಸು ಕೇಳುತ್ತಿರುತ್ತಾರೆ. ಅದಕ್ಕೆ ಕಾರಣವೂ ಇದೆ. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣ. ಒಂದಿಷ್ಟು ಕಾವು ತಡೆಯುತ್ತಿತ್ತು. ಪ್ರೀಮಿಯರ್ ಪದ್ಮಿನಿಯಲ್ಲಿ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ಡು. ಎರಡು ಲೋಹ ಹಿಗ್ಗುವ ಪ್ರಮಾಣ ಬೇರೆಬೇರೆ. ಅತಿಯಾಗಿ ಕಾದರೆ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಕೆಂಪು ದೀಪ ಹೊತ್ತುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. 88ರಲ್ಲಿ ಇರುತ್ತಿದ್ದ ಗಾಡಿ ಈ ವಾರ 94ಕ್ಕೆ ಬಂದಿದೆ ಎಂದು ಅಂಕಿ ಮಾತ್ರ ಮೊದಲೇ ಹೇಳಬಲ್ಲದು.

ಆದರೆ ಅಂಕಿಯೂ ತಾನು ಕೂತ ಜಾಗದ ಮಾತನ್ನಷ್ಟೇ ಆಡುತ್ತದೆ. ಸೆನ್ಸರ್ ಇರಬೇಕಾದ್ದು ಎಂಜಿನ್ನಿನಿಂದ ಬಿಸಿನೀರು ಹೊರಬರುವ ಕಡೆ, ಥರ್ಮೋಸ್ಟಾಟಿನ ಹತ್ತಿರ. ರೇಡಿಯೇಟರಿನ ಕೆಳಗಿನ ಪೈಪಿಗೆ ಹಾಕಿದರೆ ಅದು ತಣ್ಣಗಾದ ನೀರನ್ನು ಅಳೆದು ಸಮಾಧಾನ ಹೇಳುತ್ತದೆ. ವಿದ್ಯುತ್ ಸೆನ್ಸರನ್ನು ಅದರ ಜೋಡಿ ಮೀಟರಿಗೇ ಸೇರಿಸಬೇಕು. ಬೇರೆ ಮೀಟರಿಗೆ ಸೇರಿಸಿದರೆ ತಪ್ಪು ಅಂಕಿ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಪೈಪು ಒಡೆದು ನೀರೆಲ್ಲ ಸೋರಿಹೋದರೆ ಸೆನ್ಸರ್ ಬರೀ ಆವಿಯಲ್ಲೋ ಗಾಳಿಯಲ್ಲೋ ಉಳಿಯುತ್ತದೆ. ಎಂಜಿನ್ ಸುಡುತ್ತಿರುವಾಗಲೇ ಮುಳ್ಳು ಕೆಳಗಿಳಿಯಬಹುದು. ಅದಕ್ಕೇ ಕೆಲವರು ಎಂಜಿನ್ನಿನ ಲೋಹದ ಕಾವನ್ನೇ ಅಳೆಯುವ ಇನ್ನೊಂದು ಸೆನ್ಸರನ್ನು ಹೆಡ್ಡಿನ ಬೋಲ್ಟಿಗೆ ಬಿಗಿಸುತ್ತಾರೆ.

ಉಪ್ಪಲ್ಲಿನ ಟ್ರಾಫಿಕ್ಕಿನಲ್ಲಿ ಏರುತ್ತಿದ್ದ ಮುಳ್ಳು ಕಾರಣವಿಲ್ಲದೆ ತಟ್ಟನೆ ಇಳಿದರೆ ನಿಟ್ಟುಸಿರು ಬಿಡುವ ಹಾಗಿಲ್ಲ. ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ, ಕಾಯಬೇಕು. ಬಿಸಿಯಾಗಿರುವಾಗ ಮುಚ್ಚಳ ತೆಗೆಯಬಾರದು. ಒತ್ತಡದಲ್ಲಿದ್ದ ನೀರು ಮುಖಕ್ಕೇ ಚಿಮ್ಮುತ್ತದೆ. ಅರ್ಧ ಗಂಟೆ ತಡವಾಗಿ ಮನೆ ಸೇರಿದರೂ ಎಂಜಿನ್ ಉಳಿದಿರುತ್ತದೆ.